ಟೈ ಕಟ್ಟಿ ನೇಯುವ ಫ್ರಿಂಪಾಂಗ್

ಬರಿಮೈಯಲ್ಲಿ ಮಗ್ಗಕ್ಕೆ ಕೂತರೂ ಕೊರಳಿಗೊಂದು ಟೈ ಬಿಗಿದುಕೊಳ್ಳದೆ ಲಾಳಿ ಮುಟ್ಟದ ಮಹಾನುಭಾವನನ್ನು ನೋಡಬೇಕೆಂದರೆ ನೇಕಾರರ ಊರಾದ ನಮ್ಮ ಬೊನ್ವಿರೆಗೆ ಬಂದು ಫ್ರಿಂಪಾಂಗನ ಮನೆ ಕೇಳಬೇಕು. ಕೇಳುವುದೂ ಬೇಡ, ಜನ ತಾವಾಗಿಯೇ ಕೈಹಿಡಿದು ಕರೆತರುತ್ತಾರೆ. ನನ್ನ ಮಗ್ಗ ಅವನ ಮಗ್ಗದ ಪಕ್ಕದಲ್ಲೇ ಇದೆ. ನನ್ನನ್ನು ಯಾರೂ ತೋರಿಸುವುದಿಲ್ಲ.

ಆ ಟೈಗಳೆಲ್ಲ ಅವನೇ ನೇಯ್ದವು: ಒಂದರಲ್ಲಿ ಬ್ಯಾಂಕಿನ ಲಾಂಛನ, ಇನ್ನೊಂದರಲ್ಲಿ ಸಿಮೆಂಟ್ ಕಂಪನಿಯದು, ಮತ್ತೊಂದರಲ್ಲಿ ಅವನು ಜನ್ಮದಲ್ಲಿ ಹತ್ತದ ವಿಮಾನದ್ದು. ಮಗ್ಗದ ಹಗ್ಗಗಳನ್ನು ಕಾಲ್ಬೆರಳ ಸಂದಿಯಲ್ಲಿ ಹಿಡಿದು ಹಿಡಿದು ಅಗಲಗೊಂಡ ಹೆಬ್ಬೆರಳುಗಳನ್ನು ಆಚೀಚೆ ಚಾಚಿ, ಬಾತುಕೋಳಿಯ ನಡಿಗೆಯಲ್ಲಿ, ಆದರೆ ರಾಜಗಾಂಭೀರ್ಯದಿಂದ ಅವನು ಬೀದಿಗಿಳಿದರೆ, ಊಟಕ್ಕೆ ಫುಫು ಮುದ್ದೆ ಕುಟ್ಟುವ ಹೆಂಗಸರು ಒನಕೆ ನಿಲ್ಲಿಸಿ ಅಕ್ಕರೆಯಿಂದ ನಗುತ್ತಾರೆ. ನನ್ನ ಕಾಲೂ ಹಾಗೇ ಇದೆ, ನೋಡಿ ನಕ್ಕವರಿಲ್ಲ. ನಗುವುದಕ್ಕಾದರೂ ನಾನು ಬೇಡವೇ? ಈ ಸಂಕಟವನ್ನು ಯಾರಿಗೆ ಹೇಳಲಿ! ಅವನು ಬಾಯಿ ತೆರೆದರೆ ಮೊದಲ ಮಾತು "ಸುಳ್ಳಲ್ಲ ಕಣೋ". ಆಮೇಲೆ ಬರುವುದು ಬಹುಪಾಲು ಸುಳ್ಳೇ.

ಹೋದ ವರ್ಷ ಅಕ್ರಾದ ವಿಮಾ ಕಂಪನಿಯೊಂದು ತನ್ನ ರಜತೋತ್ಸವಕ್ಕೆ ನೌಕರರಿಗೆ ಟೈ, ಹಳೆಯ ಗ್ರಾಹಕರಿಗೆ ಉಡುಗೊರೆಯಾಗಿ ಸ್ಕಾರ್ಫ್ ನೇಯಿಸಲು ಹೊರಟಿತು. ಇದೊಂದು ಸಲ, ಇದೊಂದೇ ಸಲ, ನನ್ನ ವಿನ್ಯಾಸ ರಾಜಧಾನಿಯ ಕೊರಳುಗಳನ್ನೇರಲಿ ಎಂದು ಊಟ ಮರೆತು ನೇಯ್ದೆ. ಕಂಪನಿಯ ಲಾರ್ಟೆ ಮೇಡಂ ಬಂದವಳು ನಾವಿಬ್ಬರೂ ಮಾದರಿಗೆಂದು ನೇಯ್ದ ಬಟ್ಟೆಯ ಪಟ್ಟಿಗಳನ್ನು ತೊಡೆಯ ಮೇಲೆ ಹರಡಿಕೊಂಡು, ಯಾವುದನ್ನು ಬಿಡಲಿ ಎಂದು ತೋಚದೆ, ಕೊನೆಗೆ ಹೆಸರು ಕೇಳಿದಳು. ಹೆಸರಿಲ್ಲದ ನೇಯ್ಗೆಯನ್ನು ನಮ್ಮಲ್ಲಿ ಯಾರೂ ಮೈಗೆ ತಾಕಿಸುವುದಿಲ್ಲ; ನೇಯ್ದವನೇ ಹೆಸರಿಡಬೇಕು.

"ನಂಬಿಕೆಯ ನೆರಳು," ಎಂದೆ.

"ಚೆನ್ನಾಗಿದೆ," ಎಂದಳು ಆಕಳಿಕೆ ತಡೆಯುತ್ತ.

ಫ್ರಿಂಪಾಂಗ್ ಹೆಸರಿಡುವುದನ್ನೇ ಮರೆತಿದ್ದ. ಸಿಕ್ಕಿಬಿದ್ದ ಮುಂಡೇಗಂಡ ಎಂದು ನನಗೆ ಹಾಲು ಕುಡಿದಷ್ಟು ಸಂತೋಷ. ಅವನು ಕೊರಳ ಗಂಟು ಸಡಿಲಿಸಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ.

"ಸುಳ್ಳಲ್ಲ ಮೇಡಂ, ಇದರ ಹೆಸ್ರು 'ಪಕ್ಕದವನ ಹೊಟ್ಟೆಕಿಚ್ಚು'. ಬೇಕಾದ್ರೆ ಈ ಅಮೋವಾನ ಮುಖ ನೋಡಿ. ಇವನ್ನ ನೋಡ್ಕೊಂಡೇ ನೇಯ್ದಿದ್ದು!"

ಮೇಡಂ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಜ್ಜಾ, ಜನ ವಿಮೆ ಮಾಡಿಸೋದೇ ಪಕ್ಕದವ್ರ ಹೊಟ್ಟೆಕಿಚ್ಚಿಗೆ ಹೆದರ್ಕೊಂಡು! ಇದನ್ನೇ ತಗೋತೀನಿ."

ಈಗ ನಾನು ಕುಮಾಸಿ ಪಟ್ಟಣಕ್ಕೆ ಹೋದರೆ, ಗುರುತು ಪರಿಚಯವಿಲ್ಲದ ಯಾವನೋ ತನ್ನ ಟೈ ಸವರಿಕೊಳ್ಳುತ್ತ ಅದರ ಹೆಸರನ್ನು ನನಗೇ ಬಿಡಿಸಿ ಹೇಳುತ್ತಾನೆ. ನಾನು ತಲೆಯಾಡಿಸುತ್ತೇನೆ, ಇನ್ನೇನು ಮಾಡಲಿ? ಲೋಕದಲ್ಲಿ ಇಂಥವರು ಇರುತ್ತಾರೆ: ನಮ್ಮದೆಂಬ ಯಾವ ವಸ್ತುವನ್ನೂ ಕದಿಯುವುದಿಲ್ಲ, ನಾವು ಎದೆಯಲ್ಲಿ ಬಚ್ಚಿಟ್ಟ ಉರಿಯನ್ನಷ್ಟೇ ಎತ್ತಿಕೊಂಡು, ಅದಕ್ಕೆ ಬಣ್ಣ ಕೊಟ್ಟು, ಹತ್ತು ಜನ ಹೆಮ್ಮೆಯಿಂದ ಧರಿಸುವಂತೆ ಮಾಡುತ್ತಾರೆ. ದ್ವೇಷಿಸೋಣವೆಂದು ಹೊರಟರೆ ಆ ಚಂದವನ್ನು ಕಂಡು ಮತ್ತೆ ಹೊಟ್ಟೆ ಉರಿಯುತ್ತದೆ.