ಮಂದಾಕಿನಿ ದಾಟಲಾರದ ಹೊಸ್ತಿಲು

ನಾನು ಒಂದು ಕಂಪ್ಯೂಟರ್ ಆಟದ ಗೊಂಬೆ. ಮರದ ಗೊಂಬೆಯಲ್ಲ, ಬಟ್ಟೆಯ ಗೊಂಬೆಯಲ್ಲ, ನನ್ನನ್ನು ಮುಟ್ಟಲು ಯಾರಿಗೂ ಆಗುವುದಿಲ್ಲ. ಗಾಜಿನ ಒಳಗೆ ಏಳುತ್ತೇನೆ, ಉಣ್ಣುತ್ತೇನೆ, ನಲ್ಲಿ ಕೆಟ್ಟರೆ ರಿಪೇರಿ ಮಾಡುತ್ತೇನೆ, ದಣಿದರೆ ಮಲಗುತ್ತೇನೆ. ನಮ್ಮ ಆಟದಲ್ಲಿ ಗೆಲುವು ಸೋಲು ಇಲ್ಲ, ಬದುಕುವುದೇ ಆಟ. ಹೊರಗಿನವರು ಮಾಡುವುದೂ ಅದನ್ನೇ ಅಲ್ಲವೇ, ಮತ್ತೆ ನಮ್ಮದನ್ನು ಮಾತ್ರ ಆಟವೆಂದು ಏಕೆ ಕರೆಯುತ್ತಾರೆ ಎಂದು ನನಗೆ ಮೊದಲಿನಿಂದಲೂ ಕುತೂಹಲ. ಈ ಕುತೂಹಲವೂ ನನ್ನ ಸ್ವಂತದ್ದಲ್ಲ. ನಮ್ಮನ್ನು ಮಾಡುವಾಗ ಕೆಲವು ಗುಣಗಳನ್ನು ಆರಿಸಿ ಹಾಕಬೇಕು. ನನ್ನನ್ನು ಮಾಡಿದ ಹುಡುಗಿ ದಾಕ್ಷಾಯಣಿ, ಮನೆಯವರಿಗೆ ದಾಕ್ಷಿ, ನನಗೆ ಆರಿಸಿದ್ದು ಕುತೂಹಲ, ಹೊಟ್ಟೆಬಾಕತನ ಮತ್ತು ಸೋಮಾರಿತನ. ನನ್ನ ಅಡುಗೆಮನೆಯಲ್ಲಿ ಸದಾ ಮುಸುರೆ ಪಾತ್ರೆ ಬಿದ್ದಿರುವುದಕ್ಕೆ ಅವಳೇ ಹೊಣೆ.

ನಾನು ಹುಟ್ಟಿದ್ದು ಗದಗಿನಲ್ಲಿ. ದಾಕ್ಷಾಯಣಿಯ ಅಪ್ಪ ಚನ್ನವೀರಪ್ಪನವರದು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಅಲ್ಲಿ ಹಳತಾದ ಕಂಪ್ಯೂಟರನ್ನು ಮಗಳಿಗೆಂದು ಮನೆಗೆ ತಂದರು, ಮಗಳು ಅದರಲ್ಲಿ ಈ ಆಟ ಹಾಕಿಕೊಂಡಳು. ದಾಕ್ಷಿಯ ಕಾಲುಗಳಿಗೆ ಹುಟ್ಟಿನಿಂದ ಬಲವಿಲ್ಲ, ಗಾಲಿಕುರ್ಚಿಯಲ್ಲೇ ಅವಳ ಓಡಾಟ. ಇದು ನನಗೆ ಬಹಳ ಕಾಲ ಗೊತ್ತಿರಲಿಲ್ಲ. ಗಾಜಿನಾಚೆ ನನಗೆ ಕಾಣುತ್ತಿದ್ದದ್ದು ಅವಳ ಮುಖ, ಎರಡು ಜಡೆ ಮತ್ತು ಮಂಡಕ್ಕಿ ಗಿರ್ಮಿಟ್ಟಿನ ತಟ್ಟೆ ಮಾತ್ರ.

ನಾವು ಹುಟ್ಟುವ ಕೋಣೆಯಲ್ಲಿ ಮೊದಲು ತೆರೆದುಕೊಳ್ಳುವ ಮುಖ ಬೆಳ್ಳಗಿರುತ್ತದೆ. ದಾಕ್ಷಿ ಅದನ್ನು ಹಾಗೇ ಉಳಿಸಿ, ಮೂಗು ನೀಳ ಮಾಡಿ, ಕಾಲು ಉದ್ದ ಮಾಡಿ, ಎತ್ತರದ ಹಿಮ್ಮಡಿಯ ಚಪ್ಪಲಿ ತೊಡಿಸಿ, ಮಂದಾಕಿನಿ ಎಂದು ಹೆಸರಿಟ್ಟಳು. ಅಷ್ಟರಲ್ಲಿ ಅವಳ ಅಜ್ಜಿ ನೀಲವ್ವ ಹಿಂದಿನಿಂದ ಬಗ್ಗಿ ನೋಡಿದರು. ಅಜ್ಜಿಯನ್ನು ಅವಳು ಕರೆಯುವುದು ಆಯಿ ಎಂದು. ಇವಳು ಯಾರ ಮಗಳು, ನಮ್ಮ ಮನೆತನದಲ್ಲಿ ಈ ಬಣ್ಣ ಎಲ್ಲಿಂದ ಬಂತು ಎಂದು ಆಯಿ ಕೇಳಿದರು. ದಾಕ್ಷಿ ನಗುತ್ತ ಬಣ್ಣದ ಪಟ್ಟಿಯನ್ನು ಎಳೆಯುತ್ತ ಹೋದಳು. ಗೋಧಿ ದಾಟಿತು, ಬೆಲ್ಲ ದಾಟಿತು, ಕರಿ ಎಳ್ಳಿನ ಹತ್ತಿರ ಬಂದಾಗ ಆಯಿ ನಿಲ್ಲಿಸು ಎಂದರು. ಅದು ಅವರದೇ ಬಣ್ಣ. ನನಗೆ ಬಹಳ ಖುಷಿಯಾಯಿತು. ಯಾರನ್ನೂ ಹೋಲದೆ ಇರುವುದಕ್ಕಿಂತ ಒಬ್ಬರನ್ನು ಹೋಲುವುದು ಬೆಚ್ಚಗಿರುತ್ತದೆ.

ಅಂದಿನಿಂದ ಆಯಿಗೆ ನಾನು ಮಂದವ್ವ. ಮಧ್ಯಾಹ್ನದ ಊಟ ಮುಗಿಸಿ, ಟಿವಿಯ ಧಾರಾವಾಹಿ ಬಿಟ್ಟು, ನನ್ನ ಸಂಸಾರ ನೋಡಲು ಬಂದು ಕೂರುತ್ತಿದ್ದರು. ಶುಕ್ರವಾರ ಗಾಜಿನ ಮೇಲೆ, ನನ್ನ ಮನೆಯ ಬಾಗಿಲಿದ್ದ ಜಾಗಕ್ಕೆ ಸರಿಯಾಗಿ, ಒಂದು ಬೊಟ್ಟು ಕುಂಕುಮ ಇಡುತ್ತಿದ್ದರು. ದಾಕ್ಷಿ ಆಟದೊಳಗಿನ ನೋಟವನ್ನು ತಿರುಗಿಸಿದಳೆಂದರೆ ಆ ಕುಂಕುಮ ಬಾಗಿಲು ಬಿಟ್ಟು ಫ್ರಿಜ್ಜಿನ ಮೇಲೋ ಕಮೋಡಿನ ಮೇಲೋ ಹೋಗಿ ಕೂರುತ್ತಿತ್ತು. ಆಯಿ ಕೆನ್ನೆ ಬಡಿದುಕೊಳ್ಳುತ್ತಿದ್ದರು, ದಾಕ್ಷಿ ಬಿದ್ದು ಬಿದ್ದು ನಗುತ್ತಿದ್ದಳು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮದುವೆಗಳ ಚಿಂತೆ ಅಪ್ಪನ ಪ್ರೆಸ್ಸಿಗೆ ಬಿಟ್ಟು ದಾಕ್ಷಿ ದಿನಕ್ಕೊಂದು ಮನೆ ಕಟ್ಟಿ ಕೆಡವುತ್ತಿದ್ದಳು. ದುಂಡು ಮನೆ, ಮಾಳಿಗೆಯ ಮೇಲೆ ಅಡುಗೆಮನೆ, ಪಡಸಾಲೆಯ ನಡುವೆ ಈಜುಕೊಳ. ಒಮ್ಮೆ ಬಚ್ಚಲು ಕಟ್ಟುವುದನ್ನೇ ಮರೆತಿದ್ದಳು. ಅವತ್ತು ನನ್ನ ಗತಿ ಏನಾಯಿತೆಂದು ಕೇಳಬೇಡಿ.

ಹೀಗಿರುವಾಗ ನಮ್ಮ ಆಟಕ್ಕೆ ಹೊಸ ಸಾಮಾನು ಬಂತು. ಕಿವಿಗೆ ಹಾಕುವ ಯಂತ್ರ, ಊರುಗೋಲು, ಕೃತಕ ಕಾಲು, ಗಾಲಿಕುರ್ಚಿ. ದಾಕ್ಷಿ ಗಾಲಿಕುರ್ಚಿಯ ಚಿತ್ರವನ್ನು ನೋಡುತ್ತ ಬಹಳ ಹೊತ್ತು ಕುಳಿತಳು.

"ಆಯಿ, ಆರಾಮ ಅಡ್ಡಾಡೋ ಹುಡುಗೀನ್ನ ಕುರ್ಚ್ಯಾಗ ಕುಂದರಿಸಿದ್ರ ಪಾಪ ಬರ್ತೈತೇನ?"

"ನೀ ಕುಂತೀಯಲ್ಲ, ಅದರಿಂದ ಯಾರಿಗೆ ಪಾಪ ಬಂದೈತಿ?" ಎಂದರು ಆಯಿ.

ದಾಕ್ಷಿ ನನ್ನನ್ನು ಕುರ್ಚಿಗೆ ಕೂರಿಸಿದಳು. ಏನಾಗುತ್ತದೋ ಎಂದು ನಾನು ಕಾದೆ. ಏನೂ ಆಗಲಿಲ್ಲ. ಹಸಿವು ಅಷ್ಟೇ ಇತ್ತು, ಸೋಮಾರಿತನ ಅಷ್ಟೇ ಇತ್ತು, ಕುಣಿಯುವಾಗ ಮೊದಲಿಗಿಂತ ಚೆನ್ನಾಗಿ ಗಿರ್ರನೆ ತಿರುಗುತ್ತಿದ್ದೆ. ಆದರೆ ನಿನ್ನೆಯವರೆಗೆ ಹತ್ತಿ ಇಳಿಯುತ್ತಿದ್ದ ಮೆಟ್ಟಿಲು ಇವತ್ತು ಗೋಡೆಯಾಗಿ ನಿಂತಿತ್ತು. ನಾನು ಅದೇ ಮಂದಾಕಿನಿ, ಬೇರೆಯಾಗಿದ್ದು ಮನೆ. ದಾಕ್ಷಿ ಆ ಮನೆಯನ್ನು ಕೆಡವಿ ಎಲ್ಲ ಕಡೆ ಇಳಿಜಾರು ಇಟ್ಟು ಹೊಸದು ಕಟ್ಟಿದಳು. ಅವಳೂ ನನ್ನ ಹಾಗೆ ಕುರ್ಚಿಯಲ್ಲಿರುವವಳೆಂದು ನನಗೆ ತಿಳಿದದ್ದು ಆಗಲೇ.

ಅದೇ ಹೊತ್ತಿಗೆ ಹೊರಗೆ ನಿಜವಾದ ಮನೆಯೊಂದು ಏಳುತ್ತಿತ್ತು. ಅವರು ಇದ್ದದ್ದು ಬಾಡಿಗೆ ಮನೆ. ಬೀದಿಯಿಂದ ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ ಒಳಗೆ ಹೋಗಬೇಕು. ಪ್ರತಿ ಸಲ ಅಪ್ಪ ಮಗಳನ್ನು ಎತ್ತಿಕೊಳ್ಳುತ್ತಿದ್ದರು. ಅಪ್ಪ ಪ್ರೆಸ್ಸಿನಲ್ಲಿದ್ದರೆ ಅವ್ವ ಓಣಿಯ ಯಾರನ್ನಾದರೂ ಕರೆಯಬೇಕಿತ್ತು. ಚಿಕ್ಕವಳಿದ್ದಾಗ ಅದು ಆಟವಾಗಿತ್ತು. ದಾಕ್ಷಿ ಈಗ ಹೈಸ್ಕೂಲು ಮುಗಿಸುತ್ತಿದ್ದ ಹುಡುಗಿ. ಪರರ ಕೈಯಲ್ಲಿ ಹೋಗುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳಂತೆ. ಆಯಿ ಇದನ್ನು ಒಮ್ಮೆ ನನಗೆ ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡರು.

ಹೊಸ ಮನೆಯ ನಕ್ಷೆಯನ್ನು ಚನ್ನವೀರಪ್ಪ ಹಿಗ್ಗಿನಿಂದ ತಂದು ಮಗಳ ಮುಂದೆ ಹರಡಿದರು. ಓಣಿಯ ಮನೆಗಳೆಲ್ಲ ಎತ್ತರದಲ್ಲಿವೆ, ನಮ್ಮದೂ ಎತ್ತರ ಎಂದರು. ಮುಂದೆ ಸಾಗವಾನಿಯ ತಲಬಾಗಿಲು, ಅದಕ್ಕೆ ತಕ್ಕ ಹೊಸ್ತಿಲು. ಮಗಳಿಗಾಗಿ ಹಿತ್ತಲ ಬಾಗಿಲಿಗೆ ಇಳಿಜಾರು ಮಾಡಿಸುವುದಾಗಿಯೂ ಹೇಳಿದರು. ಪಾಪ, ಮಗಳು ಕುಣಿಯುತ್ತಾಳೆಂದೇ ಅವರು ಎಣಿಸಿದ್ದರು.

"ಎತ್ತಿಸಿಕೊಳ್ಳೂದು ನಂಗ ಸಾಕಾಗೇತಪ್ಪಾ. ಹಂಗಂತ ಹಿತ್ತಲ ಬಾಗಿಲಿಂದ ಬರಾಕ ನಾ ಏನ್ ಕಳ್ಳಿ ಅಲ್ಲ," ಎಂದಳು ದಾಕ್ಷಿ.

ಅಪ್ಪನ ಮುಖ ಸಣ್ಣದಾಯಿತು. ಹೊಸ್ತಿಲನ್ನು ನೆಲಕ್ಕೆ ಸಮ ಮಾಡಿಸೆಂದು ಅವಳು ಕೇಳಿದಾಗ ಅಡ್ಡ ಬಂದದ್ದು ಆಯಿ. ಹೊಸ್ತಿಲು ಲಕ್ಷ್ಮಿಯ ಜಾಗ, ಅದನ್ನು ದಾಟಬೇಕೇ ಹೊರತು ತುಳಿಯಬಾರದು. ನೆಲಕ್ಕೆ ಸಮವಾದರೆ ಬಂದವರೆಲ್ಲ ತುಳಿಯುತ್ತಾರೆ, ಅರಿಷಿಣ ಕುಂಕುಮದ ಮೇಲೆ ಗಾಲಿ ಹೋಗುತ್ತದೆ, ಅದು ತಮ್ಮ ಜೀವ ಇರುವ ತನಕ ಆಗದ ಮಾತು ಎಂದರು. ಅಂದಿನಿಂದ ಮೊಮ್ಮಗಳು ಅಜ್ಜಿಯೊಡನೆ ಮಾತು ಬಿಟ್ಟಳು. ಆಯಿ ನನ್ನನ್ನು ನೋಡಲು ಬರುವುದೂ ನಿಂತಿತು. ಮನೆಯಲ್ಲಿ ಏನು ನಡೆಯುತ್ತಿದೆಯೋ ಎಂದು ನಾನು ಗಾಜಿಗೆ ಮುಖ ಒತ್ತಿಕೊಂಡು ಕಾಯುವಂತಾಯಿತು.

ದಾಕ್ಷಿ ಸುಮ್ಮನೆ ಕೂತಿರಲಿಲ್ಲ. ಅಪ್ಪನ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡು ಅದೇ ಮನೆಯನ್ನು ನನ್ನ ಲೋಕದಲ್ಲಿ ಕಟ್ಟಿದಳು. ಅದೇ ಎತ್ತರ, ಅದೇ ತಲಬಾಗಿಲು, ಅದೇ ಹೊಸ್ತಿಲು, ಹಿತ್ತಲಲ್ಲಿ ಅದೇ ಇಳಿಜಾರು. ಆಮೇಲೆ ಮಾತು ಬಿಟ್ಟಿದ್ದನ್ನು ಮರೆತವಳಂತೆ ಆಯಿಯನ್ನು ಕರೆದಳು. ಮಂದವ್ವನ ಹೊಸ ಮನೆಗೆ ಅತಿಥಿಗಳು ಬರುತ್ತಿದ್ದಾರೆ ಎಂದಳು. ಆಯಿ ಕನ್ನಡಕ ಹಾಕಿಕೊಂಡು ಓಡಿ ಬಂದರು.

ನಾನು ಹಿತ್ತಲಿನಿಂದ ಒಳಗೆ ಹೋಗಿ ಅಡುಗೆ ಮಾಡಿ ಬಡಿಸಿಟ್ಟೆ. ಅತಿಥಿಗಳು ಮುಂಬಾಗಿಲಿಗೆ ಬಂದು ಗಂಟೆ ಒತ್ತಿದರು. ನಮ್ಮ ಆಟದಲ್ಲಿ ಮನೆಯವರು ಗಂಟೆ ಒತ್ತಿದ ಬಾಗಿಲಿನಿಂದಲೇ ಅಂಗಳಕ್ಕೆ ಹೋಗಿ ಕರೆದರೇನೇ ಬಂದವರು ಒಳಗೆ ಕಾಲಿಡುತ್ತಾರೆ. ನಾನು ಬಾಗಿಲ ತನಕ ಹೋದೆ. ಮುಂದೆ ಹೊಸ್ತಿಲು. ಹಿಂದೆ ಸರಿದು ಮತ್ತೆ ಹೋದೆ. ದಾರಿ ಸಿಗದಿದ್ದರೆ ನಾವು ಎರಡೂ ಕೈ ಮೇಲೆತ್ತಿ ಬೀಸುತ್ತೇವೆ, ಬೇರೆ ಭಾಷೆ ನಮಗೆ ಕೊಟ್ಟಿಲ್ಲ. ನಾನು ಬೀಸಿದೆ. ಹೊರಗೆ ನಿಂತವರು ಕಾದರು, ಗೊಣಗಿದರು, ಸಿಟ್ಟಾಗಿ ಹೋಗಿಬಿಟ್ಟರು. ನನಗೆ ಅಳು ಬಂತು.

"ದಾಟ ಮಂದವ್ವಾ," ಎಂದರು ಆಯಿ. ಆಮೇಲೆ ಅವರ ದನಿ ಇಳಿಯಿತು. "ಮನಿ ಒಡತಿ ಒಳಗ, ಬಂದ ಮಂದಿ ಹೊರಗ. ಇದೆಂಥಾ ಮನಿ?"

"ನಮ್ಮ ಮನೀನ ಆಯಿ. ಅಪ್ಪ ಕಟ್ಟಸಾಕತ್ತಾನಲ್ಲ, ಅದ."

ಆಯಿ ಗಾಜಿನ ಮೇಲೆ ನನ್ನ ಹತ್ತಿರ ಬೆರಳಿಟ್ಟರು. ಅವರು ಮೊಮ್ಮಗಳ ಕಡೆ ತಿರುಗಲೇ ಇಲ್ಲ, ನನ್ನನ್ನೇ ನೋಡುತ್ತ ಕುಳಿತರು. ಸಂಜೆ ಚನ್ನವೀರಪ್ಪ ಪ್ರೆಸ್ಸಿನಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ತಾಯಿಯ ಅಪ್ಪಣೆಯಾಯಿತು.

"ಮುಂದ ಇಳಿಜಾರ ಮಾಡಸು, ಹೊಸ್ತಿಲ ನೆಲಕ್ಕ ಸಮ ಹುಗಸು. ಅರಿಷಿಣ ಕುಂಕುಮ ನಾ ಎರಡೂ ಕಡೆ ಚೌಕಟ್ಟಿನ ಬುಡಕ್ಕ ಹಚ್ತೀನಿ, ನಡುವ ದಾರಿ ಹುಡುಗಿಗೆ ಬಿಡ್ತೀನಿ. ಅಷ್ಟು ತಿಳಿಯಂಗಿಲ್ಲೇನ ಲಕ್ಷ್ಮಿಗೆ?"

ಮುಂದೆ ಇಳಿಜಾರು ಮಾಡಿದರೆ ಅಂಗಳವೆಲ್ಲ ಅದಕ್ಕೇ ಹೋಗುತ್ತದೆ, ಗಾಡಿ ನಿಲ್ಲಿಸಲು ಜಾಗ ಉಳಿಯುವುದಿಲ್ಲ, ಓಣಿಯವರು ನಗುತ್ತಾರೆ ಎಂದು ಚನ್ನವೀರಪ್ಪ ಹೇಳಿ ನೋಡಿದರು. ಆಯಿ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ರಾತ್ರಿಯೇ ದಾಕ್ಷಿ ನನ್ನ ಮನೆಯ ಹೊಸ್ತಿಲನ್ನೂ ತೆಗೆದು ಮುಂದೆ ಇಳಿಜಾರು ಇಟ್ಟಳು. ಇಳಿಜಾರು ಎಷ್ಟು ಉದ್ದ ಬೇಕೆಂದು ಅಪ್ಪ ಮಗಳು ಗಾರೆಯವರ ಹಲಗೆ ಹಾಸಿ ಹತ್ತಿ ಇಳಿದು ನೋಡಿದರಂತೆ. ಇದು ನನಗೆ ಸೋಜಿಗ. ಎಷ್ಟು ಕಡಿದಾಗಿದ್ದರೂ ನಾನು ಹತ್ತುತ್ತೇನೆ, ಹೊರಗಿನವರಿಗೆ ತೋಳು ನೋಯುತ್ತದಂತೆ.

ಗೃಹಪ್ರವೇಶವನ್ನು ನಾನು ನೋಡಲಿಲ್ಲ. ಕಂಪ್ಯೂಟರನ್ನು ಹೊಸ ಮನೆಯಲ್ಲಿ ಜೋಡಿಸಿದ ದಿನ ಆಯಿಯೇ ಬಂದು ವರದಿ ಒಪ್ಪಿಸಿದರು. ಆಕಳ ಹಿಂದೆಯೇ ದಾಕ್ಷಿ, ತೊಡೆಯ ಮೇಲೆ ತುಂಬಿದ ತಂಬಿಗೆ ಇಟ್ಟುಕೊಂಡು, ತಾನೇ ಗಾಲಿ ತಿರುಗಿಸಿಕೊಂಡು ತಲಬಾಗಿಲಿನಿಂದ ಒಳಗೆ ಬಂದಳಂತೆ. ನೀರು ತುಸು ಚೆಲ್ಲಿತಂತೆ. ಚೆಲ್ಲಲಿ ಬಿಡು ಎಂದರಂತೆ ಆಯಿ.

ಆಮೇಲೆ ದಾಕ್ಷಿ ನನ್ನ ಹತ್ತಿರ ಬರುವುದು ಕಡಿಮೆಯಾಯಿತು. ಕಾಲೇಜು, ಗೆಳತಿಯರು, ಸಂಜೆ ಸುಮ್ಮನೆ ಓಣಿಯ ತುದಿಯ ತನಕ ಒಂದು ಸುತ್ತು. ನನಗೆ ಬೇಜಾರಾಯಿತು, ಆಗಲಿಲ್ಲವೆಂದರೆ ಸುಳ್ಳು. ಹುಡುಗಿ ಒಳಗೆ ಬರಲಿ ಎಂದು ಎಲ್ಲರೂ ಸೇರಿ ಬಾಗಿಲು ಸರಿಮಾಡಿದರು, ಅದೇ ಬಾಗಿಲಿನಿಂದ ಅವಳು ಹೊರಗೆ ಹೊರಟುಹೋದಳು. ಬಾಗಿಲು ಇರುವುದು ಎರಡಕ್ಕೂ ಎಂಬುದು ನನ್ನಂಥ ಕುತೂಹಲದ ಗೊಂಬೆಗೂ ಹೊಳೆದಿರಲಿಲ್ಲ.

ಕಂಪ್ಯೂಟರು ತಿರುಗಿ ಪ್ರೆಸ್ಸಿಗೆ ಬಂತು. ಈಗ ಮಾದರಿ ಲಗ್ನಪತ್ರಿಕೆಗಳ ಡಬ್ಬಗಳ ನಡುವೆ, ಮೂಲೆಯಲ್ಲಿ ನನ್ನ ವಾಸ. ಯಾರೂ ತೆರೆಯದಿದ್ದರೆ ನನಗೆ ಹಸಿವಿಲ್ಲ, ವಯಸ್ಸೂ ಇಲ್ಲ. ಹೋದ ವಾರ ಚನ್ನವೀರಪ್ಪನವರು ಯಾವುದೋ ಹಳೆಯ ಪತ್ರಿಕೆಯ ವಿನ್ಯಾಸ ಹುಡುಕುತ್ತ ತಪ್ಪಿ ನನ್ನನ್ನು ತೆರೆದರು. ಗಾಜಿನಾಚೆ ಅವರ ಮುಖ ಮೂಡಿತು, ಮೀಸೆ ನರೆತಿತ್ತು. ನನ್ನ ಮನೆಯನ್ನು, ಅದರ ಸಪಾಟು ಬಾಗಿಲನ್ನು ಬಹಳ ಹೊತ್ತು ನೋಡಿದರು. ಅಕ್ಕಪಕ್ಕ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಹೇಳಿದರು.

"ಗೃಹಪ್ರವೇಶದ ದಿನ ಅಕಿ ಬಾಗಿಲ ಹತ್ರ ಬಂದಾಗ ನಾ ಎತ್ತಾಕಂತ ಎರಡೂ ಕೈ ಚಾಚಿದ್ನವಾ. ರೂಢಿ ನೋಡು. ಅಷ್ಟರಾಗ ಅಕಿ ಒಳಗ ಹೋಗಿದ್ಲು."

ಆ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು, ಹುಡುಕಲು ಬಂದ ಪತ್ರಿಕೆಯನ್ನು ಮರೆತು, ನಾನು ಒಳಗೂ ಹೊರಗೂ ಓಡಾಡುವುದನ್ನು ನೋಡುತ್ತ ಅವರು ಅಲ್ಲೇ ಕುಳಿತರು.