ಗೋಣಿತಟ್ಟಿನ ಕೆಳಗಿನ ಟೊಮೆಟೊ

ಯಾವುದೋ ಕಾಲದಲ್ಲಿ ಒಬ್ಬ ರಾಣಿಯಿದ್ದಳಂತೆ. ಅವಳ ಕೈ ಸೋಕಿದ ಹಣ್ಣೆಲ್ಲ ಕೊಳೆಯುತ್ತಿತ್ತಂತೆ. ಅಜ್ಜಿ ಈ ಕಥೆ ಹೇಳುವಾಗ ನಾನು ಆ ರಾಣಿಗೆ ಏಳು ಮಹಡಿಯ ಅರಮನೆ ಕಟ್ಟಿಕೊಡುತ್ತಿದ್ದೆ. ಅವಳನ್ನು ಕಂಡದ್ದು ಮಾತ್ರ ವಿಠ್ಠಲವಾಡಿಯ ನಮ್ಮ ಚಾಳಿನಲ್ಲಿ, ಎದುರು ಖೋಲಿಯಲ್ಲಿ. ಹೆಸರು ನಾಗವೇಣಿ.

ಗಂಡ ಮಾನಪ್ಪ ಕಲ್ಯಾಣದ ಮಾರ್ಕೆಟ್ಟಿನಿಂದ ಟೆಂಪೊದಲ್ಲಿ ಟೊಮೆಟೊ ತರುತ್ತಿದ್ದ. ಕುಲುಕಾಟಕ್ಕೆ ಕ್ರೇಟಿನ ತಳದವು ಒಡೆದಿರುತ್ತಿದ್ದವು. ಅವನ್ನು ಆರಿಸಿ ತೆಗೆಯುವುದು ನಾಗವೇಣಿಯ ಕೆಲಸ. ತೆಗೆಯದಿದ್ದರೆ ಒಂದರ ರಸ ಸೋರಿ ಪಕ್ಕದ್ದೂ ಹೋಗುತ್ತದೆ. ಆದರೆ ತಿಂಗಳಿಗೊಮ್ಮೆ ಅವಳು ಮುಟ್ಟಾದಾಗ ಅತ್ತೆ ಸಾಬವ್ವ ಕ್ರೇಟುಗಳಿಗೆ ಗೋಣಿತಟ್ಟು ಹೊದಿಸಿ, ಸೊಸೆಯನ್ನು ಖೋಲಿಯ ಮೂಲೆಯ ಬಚ್ಚಲು ಮೋರಿಯ ಪಕ್ಕ ಕೂರಿಸುತ್ತಿದ್ದಳು. ಮುದುಕಿಗೆ ಕಣ್ಣು ಮಂದ, ಮಾನಪ್ಪ ದಿನವಿಡೀ ಕೈಗಾಡಿಯ ಮೇಲೆ. ಆರಿಸುವವರಿಲ್ಲದೆ ಮಾಲು ನಾರುತ್ತಿತ್ತು.

"ನಮ್ಮಾಕಿ ಹೊರಗಾದ್ರ ಮುಗೀತವಾ! ನೆರಳು ಬಿದ್ರ ಸಾಕು, ಮಾಲೆಲ್ಲ ಖರಾಬ್," ಎಂದು ಸಾಬವ್ವ ನಲ್ಲಿಯ ಬಳಿ ಹೇಳುವಳು. ಹೆಂಗಸರು ಕಿಸಕ್ಕನೆ ನಗುವರು. ಆಮೇಲೆ ಆ ಕೊಳೆತದ್ದನ್ನು ಅವರೆದುರೇ ಹೊತ್ತು ಚೆಲ್ಲಬೇಕಾದವಳು ನಾಗವೇಣಿಯೇ. ತಲೆ ಎತ್ತುತ್ತಿರಲಿಲ್ಲ.

ಈ ಸಲ ಡೊಂಬಿವಲಿಯ ಖಾನಾವಳಿಯೊಂದಕ್ಕೆ ಚೊಕ್ಕ ಟೊಮೆಟೊ ಆರಿಸಿಕೊಡುವುದಾಗಿ ಅವಳು ಮಾತು ಕೊಟ್ಟಿದ್ದಳು. ಅರ್ಧ ಕೆಲಸ ಮುಗಿದಿತ್ತು. ಅಷ್ಟರಲ್ಲಿ ಮಗಳು ಜ್ಯೋತಿ ದೊಡ್ಡವಳಾದಳು. ಸಾಬವ್ವ ಉಳಿದ ಕ್ರೇಟುಗಳಿಗೆ ಗೋಣಿತಟ್ಟು ಹೊದಿಸಿ, ಹುಡುಗಿಯನ್ನು ಅದೇ ಮೋರಿಯ ಪಕ್ಕ ಕೂರಿಸಿದಳು.

ನಾಗವೇಣಿ ಆರಿಸುತ್ತಿದ್ದ ಕ್ರೇಟಿನಿಂದ ಒಂದು ಟೊಮೆಟೊ ಉರುಳಿ ಜ್ಯೋತಿಯತ್ತ ಹೋಯಿತು. ಅವಳು ಬೆಚ್ಚಿ ಕಾಲು ಒಳಗೆಳೆದುಕೊಂಡಳು. "ಮಮ್ಮಿ, ಜಲ್ದಿ ತಗೀ! ನನ್ನಿಂದ ಸಡ್ ಜಾಯೇಗಾ, ಕೊಳೀತೈತಿ."

ಮಗಳ ಬಗ್ಗಿದ ತಲೆ ನೋಡಿ ನಾಗವೇಣಿ ಎದ್ದಳು. ಅವಳ ಕೈ ಹಿಡಿದು ತಂದು ಕ್ರೇಟಿನ ಮುಂದೆ ಕೂರಿಸಿದಳು.

"ತಲಿ ಕೆಟ್ಟೈತೇನ ನಿಂದು? ಖಾನಾವಳಿಯವಂಗ ಏನ್ ಮುಖ ತೋರಸ್ತಿ?" ಸಾಬವ್ವನ ಕೂಗಿಗೆ ಚಾಳೇ ಬಾಗಿಲಿಗೆ ಬಂತು.

ನಾಗವೇಣಿಯ ಕಿವಿ ಕೆಂಪಾಗಿತ್ತು. "ಅತ್ತೀ, ನಿನ್ನೆಯಿಂದ ನಾನೂ ಹೊರಗದೀನ್ರಿ. ನಾಚಿಕಿಗೆ ಹೇಳಲಿಲ್ಲ. ಆ ಕ್ರೇಟ್ ನಿನ್ನೆ ನಾನಽ ಆರಿಸಿದ್ದು. ಒಂದಾರ ಕೆಟ್ಟೈತೇನು, ನೋಡ್ರಿ. ಇಷ್ಟ ವರ್ಷ ನಾ ಮುಟ್ಟಿದ್ದಕ್ಕಲ್ಲ, ಮುಟ್ಟಗೊಡದೇ ಇದ್ದದ್ದಕ್ಕ ಕೊಳತಾವ."

ಯಾರೂ ನಗಲಿಲ್ಲ. ಸಾಬವ್ವ ಒಂದು ಹಣ್ಣು ಎತ್ತಿ ಬೆರಳಿನಿಂದ ಒತ್ತಿದಳು, ಮೂಸಿದಳು, ಇನ್ನೊಂದನ್ನು ಒತ್ತಿದಳು. ಎಲ್ಲವೂ ಗಟ್ಟಿ. ಸೊಸೆಯ ಮುಖ ನೋಡಲಾರದೆ, ಉಳಿದ ಕ್ರೇಟುಗಳ ಮೇಲಿನ ಗೋಣಿತಟ್ಟು ಎಳೆದು ಮಡಚಿ ಅದರ ಮೇಲೆ ತಾನೇ ಕೂತಳು.

ಸಂಜೆ ಖಾನಾವಳಿಗೆ ಮಾಲು ಒಯ್ಯಲು ಟೆಂಪೊ ಬಂದಾಗ ಕೊನೆಯ ಕ್ರೇಟಿನ ತಳ ಕಂಡಿತ್ತು. ಕೊನೆಯ ಟೊಮೆಟೊ ಒರೆಸಿ ಇಟ್ಟವಳು ಜ್ಯೋತಿ.