ಮಗಳು ಆಡಲು ಜಾಗ ಕೇಳಿದಾಗ

ನಮ್ಮ ಬೀದಿಯಲ್ಲಿ ಚೆಂಡು ಪುಟಿದ ಸದ್ದು ಕೇಳಿದರೆ ಸಾಕು, ನಾಲ್ಕು ಕಿಟಕಿ ತೆರೆದುಕೊಳ್ಳುತ್ತಿದ್ದವು. ಒಬ್ಬರಿಗೆ ಗಾಜಿನ ಚಿಂತೆ, ಒಬ್ಬರಿಗೆ ಕಾರಿನ ಚಿಂತೆ, ಇನ್ನೊಬ್ಬರಿಗೆ ಮಧ್ಯಾಹ್ನದ ನಿದ್ದೆಯ ಚಿಂತೆ. ನಾಲ್ಕನೆಯವರಿಗೆ ಏನು ಚಿಂತೆಯೋ ನನಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಅವರೇ. ದೊಡ್ಡ ಊರಿನಲ್ಲಿ ಬದುಕುವವರಿಗೆ ಈ ಜಗಳ ಹೊಸದೇನಲ್ಲ.

ನಾನು ಬೋರ್ಡ್ ಬರೆಯುವವನು. ಅಂಗಡಿಯ ಹೆಸರು, ಮನೆ ಬಾಡಿಗೆಗಿದೆ, ನಾಯಿ ಇದೆ ಎಚ್ಚರಿಕೆ, ಏನು ಬೇಕಾದರೂ ಬರೆದುಕೊಡುತ್ತೇನೆ. ಪ್ರತಿ ಅಕ್ಷರದ ಬಲಗಡೆ ತೆಳ್ಳಗೆ ಹಳದಿ ನೆರಳು ಎಳೆಯುವುದು ನನ್ನ ಪದ್ಧತಿ. ಅದನ್ನು ನೋಡಿದವರು ಇದು ಇವನದೇ ಕೈ ಎಂದು ಹೇಳಿಬಿಡುತ್ತಾರೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ನನ್ನ ಮಗಳು ಎಡಗಾಲಿನಲ್ಲಿ ಫುಟ್‌ಬಾಲ್ ಒದೆಯುವವಳು. ಗೆಳತಿಯರು ಅವಳನ್ನು ಎಡಚಿ ಎಂದೇ ಕರೆಯುತ್ತಿದ್ದರು. ಅವಳಿಗೆ ಹದಿನಾರಾದಾಗ ಹನ್ನೊಂದು ಹುಡುಗಿಯರು ಸೇರಿ ತಂಡ ಕಟ್ಟಿಕೊಂಡು, ಬೀದಿಯ ತುದಿಯ ಖಾಲಿ ಸೈಟಿನಲ್ಲಿ ದಿನಾ ಸಂಜೆ ಆಡುತ್ತಿದ್ದರು. ಒಂದು ದಿನ ಚೆಂಡು ಬಡಿದು ಒಂದು ಕಾರಿನ ಕನ್ನಡಿ ಒಡೆಯಿತು. ಮಾರನೆಯ ದಿನವೇ ಬೀದಿ ಸಂಘದ ಕಾರ್ಯದರ್ಶಿ ನನ್ನ ಅಂಗಡಿಗೆ ಬಂದರು.

“ಒಂದು ಬೋರ್ಡ್ ಬರ್ಕೊಡಪ್ಪ. ಇಲ್ಲಿ ಚೆಂಡಾಟ ಆಡಬಾರದು ಅಂತ. ದಪ್ಪಕ್ಕೆ ಕಾಣ್ಬೇಕು.”

ಬರೆದುಕೊಟ್ಟೆ. ನನ್ನ ಮಗಳೇ ಅಲ್ಲಿ ಆಡುತ್ತಾಳೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಇಷ್ಟು ದೊಡ್ಡ ಊರಿನಲ್ಲಿ ಜಾಗಕ್ಕೇನು ಬರ, ಇನ್ನೆಲ್ಲಾದರೂ ಹೋಗಿ ಆಡಿಕೊಳ್ಳುತ್ತಾರೆ ಎಂದುಕೊಂಡೆ. ಬೋರ್ಡ್ ಚೆನ್ನಾಗಿ ಬಂತು. ಅದನ್ನು ನೋಡಿದ ಪಕ್ಕದ ಬೀದಿಯವರು ತಮಗೂ ಒಂದು ಬೇಕೆಂದರು. ಆಮೇಲೆ ಪಾರ್ಕಿನವರು, ಮೇಲ್ಸೇತುವೆಯ ಕೆಳಗಿನ ಗಾಡಿ ನಿಲುಗಡೆಯ ಗುತ್ತಿಗೆದಾರ, ನೀರಿನ ಟ್ಯಾಂಕಿನ ಕಾವಲುಗಾರ. ಎಲ್ಲರಿಗೂ ಅದೇ ಮಾತು, ಅದೇ ಹಳದಿ ನೆರಳು. ಕೆಲಸ ಸಿಕ್ಕಿತಲ್ಲ ಎಂದು ನಾನು ಖುಷಿಯಾಗಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳು ಹೇಳಿದಳು.

“ಅಪ್ಪ, ಇವತ್ತು ಎಲ್ಲೆಲ್ಲಿ ಜಾಗ ಹುಡುಕಿದ್ವಿ ಗೊತ್ತಾ? ಪಾರ್ಕು, ಸೇತುವೆ ಕೆಳಗೆ, ಟ್ಯಾಂಕ್ ಹತ್ರ. ಎಲ್ಲಾ ಕಡೆ ನಿನ್ನ ಬೋರ್ಡೇ. ನಮ್ಮ ಗೋಲ್‌ಕೀಪರ್ ಏನಂದ್ಲು ಗೊತ್ತಾ? ‘ಎಲ್ಲೇ ಹೋದ್ರೂ ನಿಮ್ಮಪ್ಪ ನಮಗಿಂತ ಮುಂಚೆ ಬಂದು ಹೋಗಿರ್ತಾರಲ್ಲೇ’ ಅಂದ್ಲು.”

ನಾನು ನಕ್ಕುಬಿಟ್ಟೆ. ಹೆಂಡತಿ ನಗಲಿಲ್ಲ, ಮಗಳೂ ನಗಲಿಲ್ಲ. ಆ ನಗು ನೆನಪಾದರೆ ಈಗ ನನಗೆ ನಾಚಿಕೆಯಾಗುತ್ತದೆ.

“ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡೋ ಮೈದಾನ ಇದ್ಯಲ್ಲ?” ಎಂದೆ.

“ಅದು ನಮ್ಮ ಕೈಗೆಟುಕೋ ಅಂಥದ್ದಲ್ಲಪ್ಪ. ನೀನು ಒಂದ್ಸಲ ನಮ್ಮ ಪಿ.ಟಿ. ಮೇಡಂ ಹತ್ರ ಮಾತಾಡ್ತೀಯಾ?”

ನಾನು ಹೋಗಲಿಲ್ಲ. ಅವಳ ಶಾಲೆಯಲ್ಲಿ ಆಟ ಕಲಿಸುವ ಆ ಮೇಡಮ್ಮೇ ನನ್ನ ಅಂಗಡಿಗೆ ಬಂದರು. ಬಣ್ಣದ ಡಬ್ಬಿ ಸರಿಸಿ ಸ್ಟೂಲು ಕೊಟ್ಟೆ.

“ಅಣ್ಣ, ಶಾಲೆ ಹೊತ್ತಲ್ಲಿ ಐನೂರು ಮಕ್ಕಳಿಗೆ ಒಂದೇ ಮೈದಾನ. ಇವರಿಗೆ ಸಿಗೋದು ವಾರಕ್ಕೆ ಒಂದು ಪೀರಿಯಡ್ಡು. ಆದ್ರೆ ನಾಲ್ಕೂವರೆ ಆದ್ಮೇಲೆ ಅದು ಖಾಲಿ ಬಿದ್ದಿರುತ್ತೆ, ಗೇಟಿಗೆ ಬೀಗ. ನೀವು ತಂದೆತಾಯಿ ನಾಲ್ಕು ಜನ ಸೇರಿ ಶಾಲಾ ಸಮಿತಿಗೆ ಒಂದು ಅರ್ಜಿ ಕೊಡಿ.”

“ಅರ್ಜಿ ಕೊಟ್ರೆ ಬೀಗ ತೆಗೀತಾರಾ ಮೇಡಂ?”

“ದಿನಕ್ಕೆ ಇಬ್ಬರು ದೊಡ್ಡವರು ಸರದಿ ಮೇಲೆ ನಿಂತ್ಕೋತೀವಿ, ಕಸ ಎತ್ತಿ ಗೇಟು ಹಾಕ್ಕೊಂಡು ಹೋಗೋ ಜವಾಬ್ದಾರಿ ನಮ್ದು ಅಂತ ಬರೀರಿ. ಸಮಿತಿಯವರಿಗೆ ಭಯ ಇರೋದೇ ಅದಕ್ಕೆ.”

“ನಮ್ಮಂಥೋರ ಮಾತು ಯಾರು ಕೇಳ್ತಾರೆ?”

“ಕೇಳದೇ ಹೋದ್ರೆ ವಾರ್ಡ್ ಕಚೇರಿಗೆ ಹೋಗೋಣ. ನಮ್ಮ ಕಡೆ ಆಟಕ್ಕೆ ಅಂತ ಬಿಟ್ಟಿರೋ ಜಾಗ ಯಾವ್ದು, ನಕ್ಷೆ ತೋರಿಸಿ ಅಂತ ಕೇಳೋಣ. ಕೇಳೋಕೇನು ನಾಚಿಕೆ?”

“ಅಲ್ಲ ಮೇಡಂ, ಹೆಣ್ಣುಮಗು ಚೆಂಡು ಒದ್ದು ಏನಾಗ್ಬೇಕಿದೆ?”

ಅವರು ನನ್ನ ಮುಖ ನೋಡಿದರು. “ಅವಳು ಆಡೋದನ್ನ ನೀವು ಒಂದ್ಸಲನಾದ್ರೂ ನೋಡಿದೀರಾ ಅಣ್ಣ?”

ನೋಡಿರಲಿಲ್ಲ. “ಕೈತುಂಬಾ ಕೆಲಸ ಇದೆ ಮೇಡಂ. ಇದೊಂದು ಮುಗೀಲಿ, ಆಮೇಲೆ ನೋಡೋಣ” ಎಂದೆ. ಅರ್ಜಿ ಹೇಗೆ ಬರೆಯಬೇಕೆಂದು ಅವರು ಒಂದು ಹಾಳೆಯಲ್ಲಿ ಗೀಚಿಕೊಟ್ಟು ಹೋದರು. ಅದು ಟರ್ಪೆಂಟೈನ್ ಡಬ್ಬಿಯ ಅಡಿಗೆ ಸೇರಿತು.

ಆ ಕೆಲಸ ಮುಗಿಯಿತು, ಇನ್ನೊಂದು ಬಂತು. ಮಗಳು ಎರಡು ವಾರ ದಿನಾ ಕೇಳಿದಳು, ಆಮೇಲೆ ಯಾವಾಗಲೋ ಒಮ್ಮೆ ಕೇಳಿದಳು. ಹುಡುಗಿಯರು ರಸ್ತೆಯಲ್ಲೇ ಆಡತೊಡಗಿದರು. ಒಬ್ಬಳಿಗೆ ಸ್ಕೂಟರ್ ತಗುಲಿ ಕಾಲು ಉಳುಕಿತು. ಅವಳ ಮನೆಯವರು ಕಳಿಸುವುದನ್ನು ನಿಲ್ಲಿಸಿದರು, ಉಳಿದವರ ಮನೆಯವರಿಗೂ ಅದೇ ನೆಪವಾಯಿತು. ಕೊನೆಗೆ ಮಗಳು ಕೇಳುವುದನ್ನೇ ಬಿಟ್ಟಳು. ಬುದ್ಧಿ ಬಂತು ಎಂದುಕೊಂಡೆ. ಅವಳಿಗಲ್ಲ, ಬುದ್ಧಿ ಬರಬೇಕಾಗಿದ್ದು ನನಗೆ.

ಹೀಗೆ ಮೂರು ವರ್ಷ ಹೋಯಿತು. ಶಾಲೆಯ ಹೆಸರಿನ ಬೋರ್ಡ್ ಮಾಸಿತ್ತು, ಹೊಸದಾಗಿ ಬರೆಯಲು ನನ್ನನ್ನು ಕರೆಸಿದರು. ಸಂಜೆ ಐದರ ಹೊತ್ತು. ಏಣಿ ಹತ್ತಿ ನಿಂತರೆ ಕಾಂಪೌಂಡಿನ ಆಚೆ ಇಡೀ ಮೈದಾನ ಕಾಣುತ್ತಿತ್ತು. ಎರಡು ಕಾಗೆ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಪಿ.ಟಿ. ಮೇಡಂ ಮನೆಗೆ ಹೊರಟವರು ನನ್ನನ್ನು ಕಂಡು ನಿಂತರು.

“ಎಡಚಿ ಹೇಗಿದಾಳೆ ಅಣ್ಣ?”

“ಚೆನ್ನಾಗಿದಾಳೆ ಮೇಡಂ. ಔಷಧಿ ಅಂಗಡೀಲಿ ಕೆಲಸಕ್ಕೆ ಸೇರಿದಾಳೆ. ಆಟದ ಹುಚ್ಚು ಬಿಡ್ತು.”

“ಬಿಡ್ತು ಅಂತೀರಾ? ಆ ವರ್ಷ ಜಿಲ್ಲಾ ತಂಡದ ಆಯ್ಕೆಗೆ ನಾನೇ ಕರ್ಕೊಂಡು ಹೋಗಿದ್ದೆ. ಹೇಳ್ಲಿಲ್ವಾ ಅವಳು?”

ನಾನು ಏಣಿಯಿಂದ ಇಳಿದೆ. “ಇಲ್ಲ.”

“ಐದು ತಿಂಗಳಿಂದ ಸರಿಯಾಗಿ ಓಡೋಕೆ ಜಾಗ ಸಿಕ್ಕಿರ್ಲಿಲ್ಲ ಅವಳಿಗೆ. ಅರ್ಧ ಆಟಕ್ಕೇ ಕಾಲು ಹಿಡ್ಕೊಂಡು ಕೂತ್ಬಿಟ್ಲು. ‘ಈ ಹುಡುಗಿ ಕಾಲಲ್ಲಿ ಆಟ ಇದೆ, ಅಭ್ಯಾಸ ಇಲ್ಲ, ಮುಂದಿನ ವರ್ಷ ಕರ್ಕೊಂಡು ಬನ್ನಿ’ ಅಂದ್ರು ಆಯ್ಕೆ ಮಾಡೋರು. ಮುಂದಿನ ವರ್ಷ ನಾನು ಕರೆದ್ರೂ ಅವಳು ಬರ್ಲಿಲ್ಲ.”

ಆ ದಿನ ಬೋರ್ಡ್ ಅರ್ಧಕ್ಕೇ ನಿಂತಿತು. ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟಳು.

“ನನಗೆ ಗೊತ್ತಿತ್ತು ರೀ. ಅಪ್ಪಂಗೆ ಹೇಳ್ಬೇಡಮ್ಮ, ಬೇಜಾರು ಮಾಡ್ಕೋತಾರೆ ಅಂದಿದ್ಲು.”

ಇಷ್ಟು ಕೇಳಿ ಸುಮ್ಮನೆ ಕೂರಲು ನನ್ನಿಂದಾಗಲಿಲ್ಲ. ಮೇಡಮ್ಮನಿಂದ ಮತ್ತೆ ಕೇಳಿಕೊಂಡು ನಾನೇ ಅರ್ಜಿ ಬರೆದೆ. ಹೆಂಡತಿ, ನಾನು ಮನೆಮನೆಗೆ ಹೋಗಿ ಸಹಿ ಹಾಕಿಸಿದೆವು. ನಾಲ್ಕು ಕಿಟಕಿಯವರೂ ಹಾಕಿದರು. “ಅಲ್ಲೇ ಆಡ್ಲಿ, ನಮಗೂ ನೆಮ್ಮದಿ” ಎಂದು ಆ ನಾಲ್ಕನೆಯವರೇ ಸರದಿ ನಿಲ್ಲಲು ಮೊದಲು ಹೆಸರು ಕೊಟ್ಟರು. ಸಮಿತಿಯವರು ಎರಡು ಪ್ರಶ್ನೆ ಕೇಳಿದರು: ಪೆಟ್ಟಾದರೆ ಯಾರು ನೋಡುತ್ತೀರಿ, ಗೇಟು ಯಾರು ಹಾಕುತ್ತೀರಿ. ಉತ್ತರ ಬರೆದುಕೊಟ್ಟೆವು. ಒಂಬತ್ತನೆಯ ದಿನ ಬೀಗ ತೆಗೆದರು. ಮೊದಲ ಸಂಜೆಯೇ ಇಪ್ಪತ್ತು ಮಕ್ಕಳು ಬಂದರು, ಅದರಲ್ಲಿ ಹುಡುಗಿಯರು ಒಂಬತ್ತು.

ಮಗಳಿಗೆ ಹೇಳಲು ಔಷಧಿ ಅಂಗಡಿಗೇ ಓಡಿದೆ. ಅವಳು ಮಾತ್ರೆಯ ಸ್ಟ್ರಿಪ್ ಕತ್ತರಿಸುತ್ತಿದ್ದಳು.

“ಒಳ್ಳೇದಾಯ್ತಪ್ಪ” ಎಂದಳು.

“ನೀನೂ ಬಾರೇ.”

“ಆ ಹೊತ್ತಲ್ಲಿ ನನಗೆ ಡ್ಯೂಟಿ ಅಲ್ವಾ.”

“ರಜಾ ದಿನ ಬಾ.”

“ಯಾರ ಜೊತೆ ಆಡ್ಲಪ್ಪ? ಗೋಲ್‌ಕೀಪರ್ ಮನೆಯವರು ಊರೇ ಬಿಟ್ಟು ಹೋದ್ರು. ಇಬ್ಬರಿಗೆ ಮದುವೆ ಆಯ್ತು. ನಮ್ಮೋರು ಯಾರೂ ಇಲ್ಲ.” ಆಮೇಲೆ, ನನಗೆ ಸಮಾಧಾನವಾಗಲಿ ಎಂಬಂತೆ, “ಇರ್ಲಿ ಬಿಡು, ಆ ಮಕ್ಕಳು ಆಡ್ಲಿ” ಎಂದಳು.

ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಇದನ್ನು ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಸಂಘದ ಹಿರಿಯರೇ, ನಿಮ್ಮ ಸುತ್ತಮುತ್ತ ಬೀಗ ಹಾಕಿದ ಮೈದಾನ ಇದೆಯೇ ಎಂದು ಒಮ್ಮೆ ಸುತ್ತಿ ನೋಡಿ. ಇದ್ದರೆ ನಾಲ್ಕು ಮನೆಯವರು ಸೇರಿ ಅರ್ಜಿ ಬರೆಯಿರಿ, ಯಾರು ನಿಂತು ನೋಡಿಕೊಳ್ಳುತ್ತೀರಿ ಎಂದು ಹೆಸರು ಸಮೇತ ಬರೆಯಿರಿ. ಇಲ್ಲದಿದ್ದರೆ ವಾರ್ಡ್ ಕಚೇರಿಗೆ ಹೋಗಿ ಆಟದ ಜಾಗ ಎಲ್ಲಿದೆ ಎಂದು ಕೇಳಿ. ಮಕ್ಕಳನ್ನು ಒಂದು ಕಡೆಯಿಂದ ಎಬ್ಬಿಸುವ ಮುಂಚೆ ಅವರು ಇನ್ನೆಲ್ಲಿ ಆಡಬೇಕೆಂದು ನೀವೇ ಹುಡುಕಿಕೊಡಿ. ನನಗೆ ಅದು ಒಂಬತ್ತು ದಿನದ ಕೆಲಸವಾಗಿತ್ತು, ಶುರು ಮಾಡಲು ಮೂರು ವರ್ಷ ತೆಗೆದುಕೊಂಡೆ. ಇವತ್ತು ಸಂಜೆ ನಿಮ್ಮ ಮಗಳು ಎಲ್ಲಿ ಆಡಲಿ ಎಂದು ಕೇಳಿದರೆ, ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಹೊರಡಿ. ಅವಳು ಇನ್ನೂ ಕೇಳುತ್ತಿದ್ದಾಳಲ್ಲ, ಅದು ನಿಮ್ಮ ಪುಣ್ಯ.